ಅಪರಿಗ್ರಹ: ವಸ್ತು ಮತ್ತು ಹಿಡಿತ

‘ಅಪರಿಗ್ರಹ’ ಎಂದರೆ ಸಂಗ್ರಹಿಸದಿರುವುದು ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ತಪ್ಪೇನಿಲ್ಲ, ಆದರೆ ಅರ್ಥದ ಅರ್ಧಭಾಗ ಅಲ್ಲಿ ಬಿಟ್ಟುಹೋಗುತ್ತದೆ. ಪದದ ಮೂಲದಲ್ಲಿರುವುದು ‘ಗ್ರಹ್’, ಅಂದರೆ ಹಿಡಿ ಎಂಬ ಧಾತು; ‘ಪರಿ’ ಎಂದರೆ ಸುತ್ತಲೂ. ಸಂಗ್ರಹದಲ್ಲಿ ವಸ್ತುಗಳು ಒಂದೆಡೆ ಕೂಡುತ್ತವೆ. ಪರಿಗ್ರಹದಲ್ಲಿ ಮನಸ್ಸು ಅವುಗಳನ್ನು ಸುತ್ತುವರಿದು ‘ನನ್ನದು’ ಎಂದು ಬಿಗಿಯಾಗಿ ಹಿಡಿಯುತ್ತದೆ. ಅದೇ ಧಾತುವಿನಿಂದ ಬಂದ ‘ಗ್ರಹ’ಕ್ಕೆ ಹಿಡಿದುಕೊಳ್ಳುವಂಥದ್ದು ಎಂಬ ಅರ್ಥವಿರುವುದನ್ನು ನೆನೆದರೆ, ಹಿಡಿದವರು ಯಾರು, ಹಿಡಿಸಿಕೊಂಡವರು ಯಾರು ಎಂಬ ಸಂದೇಹವೂ ಮೂಡುತ್ತದೆ.

ಜೈನರ ‘ತತ್ತ್ವಾರ್ಥಸೂತ್ರ’ವು ಪರಿಗ್ರಹವನ್ನು ಎರಡೇ ಪದಗಳಲ್ಲಿ ವಿವರಿಸುತ್ತದೆ: ‘ಮೂರ್ಛಾ ಪರಿಗ್ರಹಃ’. ಇಲ್ಲಿ ಮೂರ್ಛೆಯೆಂದರೆ ಮಮಕಾರ, ಆಸಕ್ತಿ. ಕನ್ನಡದಲ್ಲಿ ಆ ಪದಕ್ಕಿರುವ ಎಚ್ಚರ ತಪ್ಪುವಿಕೆ ಎಂಬ ಅರ್ಥವನ್ನಿಟ್ಟು ಓದಿದರೂ ಸೂತ್ರ ಕೆಡುವುದಿಲ್ಲವೆಂದು ನನಗೆ ತೋರುತ್ತದೆ. ಈ ಲಕ್ಷಣವನ್ನು ಒಪ್ಪಿದರೆ, ಏನೂ ಇಲ್ಲದೆಯೂ ಇಲ್ಲದ್ದಕ್ಕಾಗಿ ಸದಾ ಬೇಯುತ್ತಿರುವವನು ಪರಿಗ್ರಹಿಯೇ ಆಗುತ್ತಾನೆ. ಹೊಲ, ಮನೆ, ಚಿನ್ನ, ಧಾನ್ಯ ಮೊದಲಾದ 10 ಬಾಹ್ಯ ಪರಿಗ್ರಹಗಳ ಜೊತೆಗೆ ಕ್ರೋಧ, ಲೋಭ, ಭಯ, ಶೋಕಗಳೂ ಸೇರಿದ 14 ಅಂತರಂಗ ಪರಿಗ್ರಹಗಳನ್ನು ಜೈನ ಪರಂಪರೆ ಎಣಿಸಿರುವುದು ಇದೇ ಕಾರಣಕ್ಕೆ. ಮುನಿಗಳಿಗೆ ಅಪರಿಗ್ರಹವು ಪೂರ್ಣ ತ್ಯಾಗದ ಮಹಾವ್ರತ. ಗೃಹಸ್ಥರಿಗೆ ‘ಪರಿಗ್ರಹ ಪರಿಮಾಣ’, ಅಂದರೆ ತನಗೆ ಎಷ್ಟು ಸಾಕೆಂಬುದನ್ನು ತಾನೇ ಮೊದಲು ನಿಶ್ಚಯಿಸಿಕೊಂಡು ಆ ಮಿತಿಯೊಳಗೆ ಬಾಳುವ ಅಣುವ್ರತ, ಎಂದರೆ ಕಿರಿಯ ವ್ರತ. ಗಳಿಸಿದ ಮೇಲೆ ಮಿತಿ ಹಾಕಲು ಹೊರಟರೆ ಮಿತಿಯೂ ಗಳಿಕೆಯೊಂದಿಗೆ ಬೆಳೆಯುತ್ತದೆ.

ಅಪರಿಗ್ರಹವನ್ನು ಬಡತನದೊಂದಿಗೆ ಬೆರೆಸುವುದು ಸಾಮಾನ್ಯವಾದ ಗೊಂದಲ. ಬಡತನ ಒದಗಿಬಂದ ಸ್ಥಿತಿ, ಅದರಲ್ಲಿ ಆಯ್ಕೆಯಿಲ್ಲ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಕಾಯಕವಾಗಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಅವನ ಹೆಂಡತಿ ಲಕ್ಕಮ್ಮ ಹೇಳಿದಳೆಂಬ ಕಥೆ ಶರಣ ಪರಂಪರೆಯಲ್ಲಿ ಪ್ರಸಿದ್ಧವಾಗಿದೆ. ಆ ಮನೆಯಲ್ಲಿ ಬಡತನ ಮೊದಲೇ ಇತ್ತು. ‘ಇಷ್ಟು ಸಾಕು’ ಎಂಬುದು ಮಾತ್ರ ಅವಳ ನಿರ್ಧಾರ.

ಪತಂಜಲಿಯ ಯೋಗಸೂತ್ರದಲ್ಲಿ ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯಗಳ ನಂತರ ಬರುವ ಐದನೆಯ ಯಮವೇ, ಅಂದರೆ ಸಂಯಮದ ವ್ರತವೇ, ಅಪರಿಗ್ರಹ. ಆ ಸೂತ್ರಗಳ ವ್ಯಾಖ್ಯಾನವಾದ ವ್ಯಾಸಭಾಷ್ಯ ಇಲ್ಲಿ ಆಶ್ಚರ್ಯವೆನಿಸುವಷ್ಟು ಲೌಕಿಕವಾಗಿ ಮಾತನಾಡುತ್ತದೆ. ಭೋಗ್ಯವಸ್ತುಗಳನ್ನು ಗಳಿಸುವುದರಲ್ಲಿ, ಕಾಪಾಡುವುದರಲ್ಲಿ, ಅವು ಸವೆದು ನಾಶವಾಗುವುದರಲ್ಲಿ, ಅವುಗಳಿಗೆ ಅಂಟಿಕೊಳ್ಳುವುದರಲ್ಲಿ ಮತ್ತು ಅವುಗಳಿಗಾಗಿ ನಡೆಯುವ ಹಿಂಸೆಯಲ್ಲಿ ದೋಷವನ್ನು ಕಂಡು, ಅವನ್ನು ಸ್ವೀಕರಿಸದಿರುವುದೇ ಅಪರಿಗ್ರಹ ಎಂಬುದು ಅದರ ತಾತ್ಪರ್ಯ. ಈ ಐದರಲ್ಲಿ ಪರಲೋಕದ ಭಯವಿಲ್ಲ, ಪಾಪದ ಬೆದರಿಕೆಯೂ ಇಲ್ಲ. ಒಂದು ವಸ್ತುವಿಗೆ ನಾವು ನಿಜವಾಗಿ ತೆರುವ ಬೆಲೆಯ ಲೆಕ್ಕ ಮಾತ್ರ ಇದೆ. ಕೊಂಡ ದಿನ ಕೊಟ್ಟ ಹಣ ‘ಅರ್ಜನ’ದ, ಅಂದರೆ ಗಳಿಕೆಯ, ಖಾತೆಗೆ ಸೇರಿದರೆ, ಅದು ಕಳೆದೀತು, ಕೆಟ್ಟೀತು, ಹಳತಾದೀತು ಎಂಬ ಕಳವಳವೆಲ್ಲ ಉಳಿದ ಖಾತೆಗಳಿಗೆ ಸೇರುತ್ತದೆ. ಆ ಖಾತೆಗಳನ್ನು ನಾವು ತೆರೆದು ನೋಡುವುದು ಅಪರೂಪ.

ಅಪರಿಗ್ರಹದಲ್ಲಿ ನೆಲೆನಿಂತವನಿಗೆ ಏನು ದೊರಕುತ್ತದೆ ಎಂಬುದಕ್ಕೆ ಯೋಗಸೂತ್ರದ ಎರಡನೆಯ ಪಾದದ 39ನೆಯ ಸೂತ್ರ ಕೊಡುವ ಉತ್ತರ ‘ಜನ್ಮಕಥಂತಾಸಂಬೋಧಃ’: ಹುಟ್ಟು ಹೇಗೆ, ಏತಕ್ಕೆ ಎಂಬುದರ ಅರಿವು. ಭಾಷ್ಯಕಾರರು ಇದನ್ನು ಹಿಂದಿನ ಮತ್ತು ಮುಂದಿನ ಜನ್ಮಗಳ ಜ್ಞಾನವೆಂದೇ ವಿವರಿಸುತ್ತಾರೆ. ಪುನರ್ಜನ್ಮವನ್ನು ನಂಬದವರೂ ಇದನ್ನು ಬೇರೊಂದು ಬಗೆಯಲ್ಲಿ ಓದಿಕೊಳ್ಳಬಹುದು. ಗಳಿಸಿ ಕಾಯುವುದರಲ್ಲೇ ತೀರಿಹೋಗುತ್ತಿದ್ದ ಗಮನ ಬಿಡುವಾದಾಗ, ಅದುವರೆಗೆ ಕೇಳಲು ಪುರುಸೊತ್ತಿಲ್ಲದ ಪ್ರಶ್ನೆಗಳು ಎದುರಿಗೆ ಬಂದು ನಿಲ್ಲುತ್ತವೆ. ಭಾಷ್ಯವೇ ಅವನ್ನು ಒಂದೊಂದಾಗಿ ಹೇಳುತ್ತದೆ: ನಾನು ಯಾರಾಗಿದ್ದೆ, ಹೇಗಿದ್ದೆ, ಇದೇನು, ಇದು ಹೇಗೆ, ಮುಂದೆ ಏನಾಗುವೆವು, ಹೇಗಾಗುವೆವು?