ಚಿಕ್ಕಬಳ್ಳಾಪುರ ಹಾದಿಯ ಹಳೆಯ ನಿಲ್ದಾಣಗಳು: ಗೋಡೆ ಉಳಿಯಿತು, ರೈಲು ನಿಲ್ಲುವುದೆಂದು?

ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್. ಯಲಹಂಕ–ಚಿಕ್ಕಬಳ್ಳಾಪುರ ಹಳಿಯ ಪಕ್ಕದ ಈ ಹಳೆಯ ನಿಲ್ದಾಣಗಳು ಒಮ್ಮೆ ಪಾರಂಪರಿಕ ಕಟ್ಟಡಗಳೆಂದು, ಇನ್ನೊಮ್ಮೆ ಬೆಂಗಳೂರು ಉಪನಗರ ರೈಲಿನ ನೆಪದಲ್ಲಿ ಸುದ್ದಿಯಾಗುತ್ತವೆ. ಈ ಎರಡು ಸುದ್ದಿಗಳನ್ನು ಬಿಡಿಬಿಡಿಯಾಗಿ ಓದಿದರೆ ವಿಷಯ ಅರ್ಥವಾಗುವುದಿಲ್ಲ.

1864ರಲ್ಲಿ ಬೆಂಗಳೂರು ದಂಡಿಗೆ ಜೋಲಾರಪೇಟೆಯಿಂದ ರೈಲು ಬಂದಿತು. ಚಿಕ್ಕಬಳ್ಳಾಪುರ ಅರ್ಧ ಶತಮಾನ ಕಾಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1915ರಲ್ಲಿ, ಎರಡೂವರೆ ಅಡಿ ಅಗಲದ ನ್ಯಾರೋಗೇಜ್ ಹಳಿ ಅಲ್ಲಿಗೆ ಮುಟ್ಟಿತು.

ಹಳಿ ಕಿರಿದು, ನಿಲ್ದಾಣವೂ ಕಿರಿದು. ಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು, ಟಿಕೆಟ್ ಕೊಡುವ ಕಿಂಡಿ, ಜನ ಕಾಯಲು ಒಂದಿಷ್ಟು ನೆರಳು. ಆಡಂಬರ ಕಡಿಮೆ, ಅಳತೆ ಮಾತ್ರ ಹದವಾದದ್ದು. ಇಂಥ ಗೋಡೆಯ ಜೀವ ಅದರ ಗಾರೆಯಲ್ಲಿದೆ. ಮಳೆಗಾಲದಲ್ಲಿ ಹೀರಿದ ತೇವವನ್ನು ಸುಣ್ಣದ ಗಾರೆ ಬಿಸಿಲಿಗೆ ಬಿಟ್ಟುಕೊಡುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ನಿಂತು ಸಂದುಗಳನ್ನು ಸಡಿಲಿಸುತ್ತದೆ. ಆದ್ದರಿಂದ ಇಲ್ಲಿ ಅವಸರದ ರಿಪೇರಿ ಎಷ್ಟೋ ಸಲ ಮಳೆಗಿಂತ ಹೆಚ್ಚು ಹಾನಿ ಮಾಡುತ್ತದೆ.

1990ರ ದಶಕದಲ್ಲಿ ಹಳಿ ಅಗಲಗೊಂಡು ಬ್ರಾಡ್‌ಗೇಜ್ ಆಯಿತು. ಚಿಕ್ಕಬಳ್ಳಾಪುರದಿಂದ ಕೋಲಾರದವರೆಗಿನ ಭಾಗ ಮುಗಿಯಲು 2013 ಬಂದಿತು. ಈ ನಡುವೆ ಜನ ಬಸ್ಸು ಹಿಡಿದರು, ಪುಟ್ಟ ನಿಲ್ದಾಣಗಳು ಪಾಳುಬಿದ್ದವು. ಕಾವಲಿಲ್ಲದ ಕಟ್ಟಡದಲ್ಲಿ ಮೊದಲು ಹೋಗುವುದು ಬಾಗಿಲು, ಆಮೇಲೆ ಹೆಂಚು. ಅದಾದ ಬಳಿಕ ಮಳೆಗೆ ಅಡ್ಡಿಯಿಲ್ಲ.

ಇತ್ತೀಚೆಗೆ, ಪಾರಂಪರಿಕ ಕಟ್ಟಡಗಳನ್ನು ಉಳಿಸಲು ದುಡಿಯುವ ಇಂಟಾಕ್ ಸಂಸ್ಥೆಯ ಬೆಂಗಳೂರು ಘಟಕ ಇವುಗಳ ಜೀರ್ಣೋದ್ಧಾರಕ್ಕೆ ಕೈಹಾಕಿತು. ಅದು ಮೆಚ್ಚಬೇಕಾದ ಕೆಲಸ. ಆದರೆ ನಿಲ್ದಾಣವನ್ನು ವಸ್ತುಸಂಗ್ರಹಾಲಯವಾಗಿಯೋ ಕೆಫೆಯಾಗಿಯೋ ಮಾಡಿದರೆ ಸಾಕು ಎನ್ನುವ ವಾದ ಅರ್ಧ ದಾರಿಯದು. ಪ್ರಯಾಣಿಕರು ದಿನವೂ ಬಂದುಹೋಗುವ ಕಟ್ಟಡದಲ್ಲಿ ಹೆಂಚು ಜಾರಿದರೆ ಯಾರಾದರೂ ಗಮನಿಸುತ್ತಾರೆ.

2021ರಲ್ಲಿ ವಿಮಾನ ನಿಲ್ದಾಣದ ಹತ್ತಿರ ಹೊಸ ಹಾಲ್ಟ್ ನಿಲ್ದಾಣ ತೆರೆಯಿತು. ಉಪನಗರ ರೈಲಿನ ‘ಸಂಪಿಗೆ’ ಮಾರ್ಗ ಬೆಂಗಳೂರಿನಿಂದ ದೇವನಹಳ್ಳಿಯವರೆಗೆ, ಸುಮಾರು 41 ಕಿಲೋಮೀಟರ್ ಬರಬೇಕಿದೆ. ಆ ಹಳಿ ಎಲ್ಲಿ ಹಾಯುತ್ತದೆ, ಹೊಸ ಪ್ಲಾಟ್‌ಫಾರ್ಮ್ ಎಷ್ಟು ಎತ್ತರಕ್ಕೆ ಏಳುತ್ತದೆ ಎಂಬುದನ್ನು ಹಳೆಯ ಕಟ್ಟಡಗಳ ಅಳತೆಯನ್ನು ಎದುರಿಗಿಟ್ಟುಕೊಂಡೇ ಗೊತ್ತುಮಾಡಬೇಕು, ಅದೂ ನಕ್ಷೆಯ ಹಂತದಲ್ಲೇ.