ಬಿಸಿಲು ಕಾಣದ ಕಣ್ಣು ಉದ್ದವಾಗುತ್ತದೆ

ಮೂರನೇ ತರಗತಿಯ ಮಗುವಿಗೆ ಮೈನಸ್ ಒಂದೂವರೆ ಪವರಿನ ಕನ್ನಡಕ ಬಂದರೆ ಅಪ್ಪ ಮೊಬೈಲನ್ನು ಬೈಯುತ್ತಾರೆ, ಅಜ್ಜಿ ಹೊನಗೊನ್ನೆ ಸೊಪ್ಪು ತರಿಸುತ್ತಾರೆ, ಪಕ್ಕದ ಮನೆಯವರು ಕ್ಯಾರೆಟ್ ತಿನ್ನಿಸಿ ಎನ್ನುತ್ತಾರೆ. ಸೊಪ್ಪು, ಕ್ಯಾರೆಟ್ ಎರಡೂ ಒಳ್ಳೆಯವೇ. 'ಎ' ಜೀವಸತ್ವದ ಕೊರತೆಯಿಂದ ಬರುವ ಇರುಳುಗುರುಡನ್ನು ಅವು ದೂರವಿಡುತ್ತವೆ. ಆದರೆ ಮೈನಸ್ ಪವರಿಗೂ ಊಟದ ತಟ್ಟೆಗೂ ಅಂಥ ನಂಟಿಲ್ಲ. ಸಮೀಪದೃಷ್ಟಿ (ದೂರದ್ದು ಮಸುಕಾಗಿ ಕಾಣುವ, ಮೈನಸ್ ಪವರು ಬೇಕಾಗುವ ದೋಷ) ಇರುವ ಮಗುವಿನ ಕಣ್ಣುಗುಡ್ಡೆ ಬೇಕಾದ್ದಕ್ಕಿಂತ ಉದ್ದ ಬೆಳೆದಿರುತ್ತದೆ. ಒಂದು ಮಿಲಿಮೀಟರ್ ಹೆಚ್ಚಾದರೂ ಸಾಕು, ಪವರು ಎರಡೂವರೆ ಡಯಾಪ್ಟರಿನಷ್ಟು ಏರುತ್ತದೆ.

'ವಂಶದಲ್ಲೇ ಇದೆ' ಎನ್ನುವುದು ಇನ್ನೊಂದು ಸಿದ್ಧ ಉತ್ತರ. ಇಪ್ಪತ್ತನೇ ಶತಮಾನದಲ್ಲಿ ಬಹುಕಾಲ ನೇತ್ರವೈದ್ಯರೂ ಹಾಗೆಯೇ ನಂಬಿದ್ದರು. ಆ ನಂಬಿಕೆಗೆ ಪೆಟ್ಟು ಬಿದ್ದದ್ದು ಅಲಾಸ್ಕಾದ ಉತ್ತರ ತುದಿಯ ಬ್ಯಾರೋ ಎಂಬ ಊರಿನಿಂದ. ಅಲ್ಲಿನ ಇನುಯಿಟ್ ಕುಟುಂಬಗಳ ಕಣ್ಣು ಪರೀಕ್ಷೆಯ ವರದಿ 1969ರಲ್ಲಿ ಪ್ರಕಟವಾಯಿತು. ಬೇಟೆ, ಮೀನುಗಾರಿಕೆಯ ನಡುವೆ ಬೆಳೆದಿದ್ದ ಹಿರಿಯರಲ್ಲಿ 131 ಮಂದಿಯ ಪೈಕಿ ಇಬ್ಬರಿಗೆ ಮಾತ್ರ ಸಮೀಪದೃಷ್ಟಿ. ಶಾಲೆಗೆ ಹೋಗಿ ಕಲಿತ ಅವರ ಮಕ್ಕಳು, ಮೊಮ್ಮಕ್ಕಳಲ್ಲಿ ಅದು ಅರ್ಧಕ್ಕಿಂತ ಹೆಚ್ಚು ಜನರಿಗಿತ್ತು! ರಕ್ತ ಅದೇ, ಊರೂ ಅದೇ. ಒಂದೆರಡು ತಲೆಮಾರಿನಲ್ಲಿ ವಂಶವಾಹಿಗಳು ಹೀಗೆ ಬದಲಾಗುವುದಿಲ್ಲ, ಬದಲಾಗಿದ್ದು ಬಾಲ್ಯ. ಮತ್ತು ಇದು ಮೊಬೈಲ್ ಹುಟ್ಟುವುದಕ್ಕೆ ಎಷ್ಟೋ ಮುಂಚಿನ ಮಾತು.

ಅದಕ್ಕೂ ನೂರು ವರ್ಷ ಹಿಂದೆ, 1867ರಲ್ಲಿ, ಬ್ರೆಸ್ಲಾವ್ ನಗರದ (ಈಗ ಪೋಲೆಂಡಿನ ವ್ರೊತ್ಸ್ವಾಫ್) ವೈದ್ಯ ಹರ್ಮನ್ ಕೋನ್ ಹತ್ತು ಸಾವಿರಕ್ಕೂ ಹೆಚ್ಚು ಶಾಲಾಮಕ್ಕಳ ಕಣ್ಣು ಪರೀಕ್ಷಿಸಿದ ವರದಿ ಪ್ರಕಟಿಸಿದ್ದ. ಹಳ್ಳಿಶಾಲೆಗಳಲ್ಲಿ ಸಮೀಪದೃಷ್ಟಿ ಅಪರೂಪ, ಪಟ್ಟಣದ ದೊಡ್ಡ ಶಾಲೆಗಳಲ್ಲಿ ತರಗತಿ ಏರಿದಂತೆ ಅದೂ ಏರುತ್ತಿತ್ತು. ಕತ್ತಲುಗವಿದ ಕೊಠಡಿ, ಕೆಟ್ಟ ಡೆಸ್ಕು ಎಂದು ಅವನು ದೂರಿದ. ಕಾರಣದ ಹೊಸಿಲವರೆಗೂ ಬಂದಿದ್ದ ಎಂದೇ ನನ್ನ ಭಾವನೆ.

ಈಗ ನನಗೆ ತುಂಬ ಪ್ರಿಯವಾದ ಭಾಗಕ್ಕೆ ಬರೋಣ. ಹುಟ್ಟಿದ ಮಗುವಿನ ಕಣ್ಣು ಮುಂದಿನಿಂದ ಹಿಂದಕ್ಕೆ ಸುಮಾರು 17 ಮಿಲಿಮೀಟರ್, ದೊಡ್ಡವರದು 23ರಿಂದ 24. ಇಷ್ಟು ಬೆಳೆಯುವಾಗಲೂ ಬಿಂಬ ಕಣ್ಣಿನ ಹಿಂಬದಿಯ ಪರದೆಯಾದ ಅಕ್ಷಿಪಟಲದ ಮೇಲೆಯೇ ಕರಾರುವಾಕ್ಕಾಗಿ ಕೂರಬೇಕು. ಟೂರಿಂಗ್ ಟಾಕೀಸಿನಲ್ಲಿ ಚಿತ್ರ ಮಸುಕಾದರೆ ಆಪರೇಟರ್ ಯಂತ್ರದ ಲೆನ್ಸ್ ತಿರುಗಿಸುತ್ತಿದ್ದ. ಬೆಳೆಯುವ ಕಣ್ಣು ಪರದೆಯನ್ನೇ ಹಿಂದಕ್ಕೆ ಸರಿಸುತ್ತದೆ. ಕೋಳಿಮರಿಯ ಕಣ್ಣಿನ ಮುಂದೆ ಮೈನಸ್ ಮಸೂರ ಕೂರಿಸಿದರೆ ಬಿಂಬ ಅಕ್ಷಿಪಟಲದ ಹಿಂದಕ್ಕೆ ಹೋಗುತ್ತದೆ. ಕೆಲವೇ ದಿನಗಳಲ್ಲಿ ಕಣ್ಣು ಅಷ್ಟೇ ಉದ್ದವಾಗಿ ಅದನ್ನು ಹಿಡಿದುಬಿಡುತ್ತದೆ. ಪ್ಲಸ್ ಮಸೂರ ಕೂರಿಸಿದರೆ ಬೆಳವಣಿಗೆ ತಗ್ಗುತ್ತದೆ. ಇದನ್ನೆಲ್ಲ ಮಿದುಳು ನಡೆಸುತ್ತಿರಬೇಕು ಎಂದುಕೊಂಡರೆ ಅದೂ ಇಲ್ಲ. ನ್ಯೂಯಾರ್ಕಿನ ಜಾಶ್ ವಾಲ್ಮನ್ ತಂಡ 1987ರಲ್ಲಿ ಮರಿಗಳ ದೃಷ್ಟಿನರವನ್ನೇ ಕತ್ತರಿಸಿ ನೋಡಿತು. ಮಬ್ಬು ಕವಚ ಹೊದಿಸಿದ ಕಣ್ಣು ಆಗಲೂ ಉದ್ದವಾಯಿತು. ಅರ್ಧ ಅಕ್ಷಿಪಟಲಕ್ಕೆ ಮಾತ್ರ ಮಬ್ಬು ಕವಿಸಿದರೆ ಆ ಅರ್ಧ ಮಾತ್ರ ಉಬ್ಬಿತು! ಮಿದುಳನ್ನು ಕೇಳದೆಯೇ ಅಕ್ಷಿಪಟಲ ತನ್ನ ಹಿಂದಿನ ಗೋಡೆಯ ಲೆಕ್ಕ ನೋಡಿಕೊಳ್ಳುತ್ತದೆ.

ಹೀಗೆ ಉದ್ದವಾದ ಕಣ್ಣನ್ನು ಅಂಗೈ ಉಜ್ಜಿ ಒತ್ತಿಕೊಂಡೋ, ದೀಪ ದಿಟ್ಟಿಸಿಯೋ ಮೊಟಕು ಮಾಡುವುದು ಸಾಧ್ಯವಿಲ್ಲ. 'ಕನ್ನಡಕ ಎಸೆಯಿರಿ' ಎಂಬ ಜಾಹೀರಾತು ಕಂಡಾಗಲೆಲ್ಲ ನನಗೆ ಸಿಟ್ಟು ಬರುವುದು ಇದಕ್ಕೇ. ಪವರು ಏರದಿರಲಿ ಎಂದು ಬೇಕೆಂದೇ ಕಡಿಮೆ ಪವರಿನ ಕನ್ನಡಕ ಹಾಕಿಸುವವರೂ ಇದ್ದಾರೆ. ಮಲೇಷ್ಯಾದಲ್ಲಿ ಮಕ್ಕಳ ಮೇಲೆ ಅದನ್ನು ಪರೀಕ್ಷಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು: ಕಡಿಮೆ ಪವರಿನವರಿಗೇ ಸಮೀಪದೃಷ್ಟಿ ಬೇಗ ಏರಿತ್ತು.

ಹಾಗಾದರೆ ಶಾಲೆಯ ಮಕ್ಕಳ ಕಣ್ಣು ಲೆಕ್ಕ ತಪ್ಪುವುದೇಕೆ? ಆಸ್ಟ್ರೇಲಿಯಾದ ಕ್ಯಾಥರಿನ್ ರೋಸ್ ಮತ್ತು ಸಂಗಡಿಗರು 2008ರಲ್ಲಿ ಸಿಡ್ನಿ, ಸಿಂಗಪುರಗಳ ಚೀನೀ ಮೂಲದ ಆರೇಳು ವರ್ಷದ ಮಕ್ಕಳನ್ನು ಹೋಲಿಸಿದರು. ಸಿಂಗಪುರದಲ್ಲಿ ಸಮೀಪದೃಷ್ಟಿ ಶೇ. 29.1, ಸಿಡ್ನಿಯಲ್ಲಿ ಬರೀ ಶೇ. 3.3. ತಂದೆತಾಯಿಯರ ಕಣ್ಣು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಥರ. ಸಿಡ್ನಿಯ ಮಕ್ಕಳು ಪುಸ್ತಕ ಓದುತ್ತಿದ್ದದ್ದು ಇನ್ನೂ ಜಾಸ್ತಿ! ಎದ್ದು ಕಂಡ ವ್ಯತ್ಯಾಸವೆಂದರೆ ಹೊರಗೆ ಕಳೆದ ಹೊತ್ತು: ಸಿಡ್ನಿಯಲ್ಲಿ ವಾರಕ್ಕೆ 13.75 ಗಂಟೆ, ಸಿಂಗಪುರದಲ್ಲಿ 3.05.

ಹೊರಗಿನ ಬೆಳಕೆಂದರೆ ಎಷ್ಟು? ಚೆನ್ನಾಗಿ ದೀಪ ಹಾಕಿದ ತರಗತಿಯಲ್ಲಿ 300ರಿಂದ 500 ಲಕ್ಸ್ (ಬೆಳಕಿನ ಅಳತೆ). ನೆತ್ತಿಯ ಬಿಸಿಲು ಲಕ್ಷ ಮುಟ್ಟುತ್ತದೆ, ಮರದ ನೆರಳಲ್ಲೂ ಸಾವಿರಗಳ ಲೆಕ್ಕ. ಕಣ್ಣು ಹೊಂದಿಕೊಳ್ಳುವುದರಿಂದ ಈ ಅಂತರ ನಮ್ಮ ಅರಿವಿಗೆ ಬರುವುದಿಲ್ಲ. ಪ್ರಖರ ಬೆಳಕಿಗೆ ಅಕ್ಷಿಪಟಲ ಡೋಪಮಿನ್ ಎಂಬ ರಾಸಾಯನಿಕ ಸ್ರವಿಸುತ್ತದೆ, ಅದು ಕಣ್ಣಿನ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ. ಡೋಪಮಿನ್ ಕೆಲಸಕ್ಕೆ ಅಡ್ಡಿಮಾಡುವ ಔಷಧವನ್ನು ಕೋಳಿಮರಿಗಳ ಕಣ್ಣಿಗೆ ಚುಚ್ಚಿದಾಗ ಬೆಳಕಿನ ರಕ್ಷಣೆಯೂ ಇಲ್ಲವಾಯಿತು. ಲಗೋರಿ, ಚಿನ್ನಿದಾಂಡು ಆಡುತ್ತ ಮಕ್ಕಳು ಸಂಜೆಯವರೆಗೆ ಪುಕ್ಕಟೆಯಾಗಿ ಪಡೆಯುತ್ತಿದ್ದ ಮದ್ದು ಇದು; ಈಗ ಆ ಹೊತ್ತು ಟ್ಯೂಷನ್ನಿನ ಟ್ಯೂಬ್‌ಲೈಟಿನ ಕೆಳಗೆ ಕಳೆಯುತ್ತಿದೆ.

ಬ್ಯಾರೋದಲ್ಲಿ ಚಳಿಗಾಲದ ಎರಡು ತಿಂಗಳು ಸೂರ್ಯನೇ ಹುಟ್ಟುವುದಿಲ್ಲವಲ್ಲ, ಅಲ್ಲಿನ ಹಿರಿಯರ ಕಣ್ಣು ಹೇಗೆ ನೆಟ್ಟಗಿತ್ತು ಎಂದು ಚುರುಕು ಓದುಗರು ಕೇಳಬಹುದು. ಕೇಳಲೇಬೇಕು. ಬೇಸಿಗೆಯಲ್ಲಿ ಅಲ್ಲಿ ವಾರಗಟ್ಟಲೆ ಸೂರ್ಯ ಮುಳುಗುವುದೂ ಇಲ್ಲ; ಆದರೂ ಬೆಳಕೊಂದರ ಮೇಲೆ ಎಲ್ಲ ಭಾರ ಹೊರಿಸುವುದು ಸರಿಯಲ್ಲ. ಬಹಳ ಹೊತ್ತು ಹತ್ತಿರದಿಂದ ನೋಡುವ ಕೆಲಸಕ್ಕೂ, ಅಂದರೆ ಪುಸ್ತಕಕ್ಕೂ ಮೊಬೈಲಿಗೂ, ಇದರಲ್ಲಿ ಪಾಲಿದೆ. ಬಿಸಿಲು ಮುಖ್ಯವಾಗಿ ಸಮೀಪದೃಷ್ಟಿ ಬರುವುದನ್ನು ತಡೆಯುತ್ತದೆ ಅಥವಾ ಮುಂದೂಡುತ್ತದೆ. ಬಂದ ಮೇಲೆ ಅದರ ಕೈ ಅಷ್ಟು ನಡೆಯುವುದಿಲ್ಲ. ಆದ್ದರಿಂದ ಅಂಗಳ ಬೇಕಾಗಿರುವುದು ಇನ್ನೂ ಕನ್ನಡಕ ಬಾರದ ಪುಟಾಣಿಗಳಿಗೆ.

ಇದು ಕೈಗೂಡದ ಮಾತೇನಲ್ಲ. ಚೀನಾದ ಗ್ವಾಂಗ್‌ಝೌನಲ್ಲಿ ಹನ್ನೆರಡು ಶಾಲೆಗಳನ್ನು ಆರಿಸಿ, ಅರ್ಧದಷ್ಟು ಶಾಲೆಗಳಲ್ಲಿ ಒಂದನೇ ತರಗತಿಯವರಿಗೆ ದಿನಕ್ಕೆ 40 ನಿಮಿಷದ ಹೊರಾಂಗಣ ತರಗತಿ ಸೇರಿಸಿದರು. ಮೂರು ವರ್ಷದಲ್ಲಿ ಉಳಿದ ಶಾಲೆಗಳ ಶೇ. 39.5 ಮಕ್ಕಳಿಗೆ ಹೊಸದಾಗಿ ಸಮೀಪದೃಷ್ಟಿ ಬಂದಿದ್ದರೆ ಇವರಲ್ಲಿ ಶೇ. 30.4. ತೈವಾನ್ 2010ರಿಂದ ದಿನಕ್ಕೆ 120 ನಿಮಿಷ ಮಕ್ಕಳನ್ನು ಹೊರಗೆ ಬಿಡಿ ಎಂದು ಶಾಲೆಗಳಿಗೆ ಹೇಳುತ್ತಿದೆ. ನಮ್ಮ ವೇಳಾಪಟ್ಟಿಯಲ್ಲೂ 40 ನಿಮಿಷದ ಪಿ.ಟಿ. ಅವಧಿ ಇದೆ. ಪರೀಕ್ಷೆ ಹತ್ತಿರವಾಗಿ ಪಾಠ ಮುಗಿದಿಲ್ಲವೆಂದಾಗ ಗಣಿತದ ಮೇಷ್ಟರು ಮೊದಲು ಕೇಳಿ ಪಡೆಯುವುದು ಅದನ್ನೇ.