ಜೊತೆಗಾರನ ಕೇಸು ನಿಮ್ಮ ಕೇಸಲ್ಲ

ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಪ್ಯಾನೆಲ್ ವಕೀಲೆಯಾಗಿ ನಾನು ವಾರಕ್ಕೆ ಎರಡು ದಿನ ಕೇಂದ್ರ ಕಾರಾಗೃಹವೊಂದರ ಕಾನೂನು ನೆರವು ಕ್ಲಿನಿಕ್ಕಿಗೆ ಹೋಗುತ್ತೇನೆ. ಅಲ್ಲಿ ನನ್ನ ತಾಳ್ಮೆ ಕೆಡಿಸುವ ವಾಕ್ಯ ಒಂದೇ: “ಬ್ಯಾರಕ್ಕಿನ ಅಣ್ಣ ಹೇಳಿದರು ಮೇಡಂ, ಅವರಿಗೂ ಹೀಗೇ ಆಗಿತ್ತಂತೆ.” ಹೇಳುವವರು ಹೊಸದಾಗಿ ಬಂದ ವಿಚಾರಣಾಧೀನ ಕೈದಿಗಳು. ಅವರು ಉಲ್ಲೇಖಿಸುವ ಅಣ್ಣ ಅನೇಕ ಸಲ ನಾವೇ ತರಬೇತಿ ಕೊಟ್ಟು ಕೂರಿಸಿದ ಅರೆ ಕಾನೂನು ಸ್ವಯಂಸೇವಕ, ಅಂದರೆ ಪಿ.ಎಲ್.ವಿ. ಆಗಿರುತ್ತಾನೆ ಎಂಬುದು ಬೇಸರವನ್ನು ಇಮ್ಮಡಿಗೊಳಿಸುತ್ತದೆ.

ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಯೋಜನೆಯಲ್ಲಿ, ದೀರ್ಘಾವಧಿಯ ಶಿಕ್ಷೆ ಅನುಭವಿಸುತ್ತಿರುವ, ಓದುಬರಹ ಬಲ್ಲ, ನಡತೆ ಉತ್ತಮವಾಗಿರುವ ಕೈದಿಗಳನ್ನು ಈ ಕೆಲಸಕ್ಕೆ ಆರಿಸಿಕೊಳ್ಳಲು ಅವಕಾಶವಿದೆ. ಈ ವ್ಯವಸ್ಥೆಯನ್ನು ನಾನು ಮನಸಾರೆ ಒಪ್ಪುತ್ತೇನೆ. ಇಂಥ ಕೈದಿ ಸ್ವಯಂಸೇವಕರನ್ನು ನಾನು ಜೊತೆಗಾರರು ಎನ್ನುತ್ತೇನೆ. ನಮ್ಮ ಕ್ಲಿನಿಕ್ಕಿನಲ್ಲಿ ಬಹುಕಾಲದಿಂದ ಇರುವ ಜೊತೆಗಾರರೊಬ್ಬರು ಹೊರಗಿದ್ದಾಗ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತಿದ್ದವರು, ಈಗ ಜೀವಾವಧಿ ಶಿಕ್ಷೆಯಲ್ಲಿದ್ದಾರೆ. ಮೊದಲ ರಾತ್ರಿ ಕಳೆದು ಬೆಳಿಗ್ಗೆ ಮುಖ ಊದಿಸಿಕೊಂಡು ಬಂದ ಹುಡುಗನನ್ನು ಅವರು ಮೊದಲು ಕೇಳುವುದು ಅಪರಾಧದ ವಿಚಾರವನ್ನಲ್ಲ, “ತಿಂಡಿ ತಿಂದ್ಯಾ ತಮ್ಮಾ? ಮನೆಯವರ ಯಾವ ನಂಬರ್ ಬಾಯಿಪಾಠ ಬರುತ್ತೆ?” ಎಂದು. ಮೊಬೈಲ್ ಪೊಲೀಸರ ವಶದಲ್ಲಿರುತ್ತದೆ, ತಾಯಿಯ ನಂಬರ್ ಕೂಡ ಈಗಿನವರಿಗೆ ನೆನಪಿರುವುದಿಲ್ಲ. ಕೊನೆಗೆ ಊರಿನ ಕಿರಾಣಿ ಅಂಗಡಿಯ ಬೋರ್ಡಿನ ಮೇಲಿದ್ದ ನಂಬರನ್ನು ಹುಡುಗ ಅರೆಬರೆ ನೆನಪಿಸಿಕೊಳ್ಳುತ್ತಾನೆ, ಇವರು ಅದನ್ನು ದುಂಡಗೆ ಬರೆದಿಟ್ಟುಕೊಂಡು ನನಗೆ ಕೊಡುತ್ತಾರೆ. ಇಪ್ಪತ್ತೆರಡು ವರ್ಷ ವಕೀಲಿ ಮಾಡಿದ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಕಪ್ಪು ಕೋಟು ಕಂಡೊಡನೆ ಬಾಯಿ ಕಟ್ಟಿಹೋಗುವವರು, ತಮ್ಮಂತೆಯೇ ಆ ಗೇಟು ದಾಟಿ ಬಂದವರೆದುರು ಅಳುತ್ತಾರೆ, ಉಣ್ಣುತ್ತಾರೆ, ವಕಾಲತ್ತಿಗೆ ಸಹಿ ಹಾಕುತ್ತಾರೆ.

ಅಷ್ಟರವರೆಗೆ ಎಲ್ಲವೂ ಸರಿಯಾಗಿಯೇ ಇರುತ್ತದೆ. “ನನಗೆ ಎಷ್ಟು ದಿನ ಆಗುತ್ತೆ ಅಣ್ಣ?” ಎಂದು ಹುಡುಗ ಕೇಳಿದ ಗಳಿಗೆಯಿಂದ ಕೆಲಸ ಕೆಡಲು ಆರಂಭವಾಗುತ್ತದೆ, ಏಕೆಂದರೆ ಜೊತೆಗಾರನಿಗೆ ಗೊತ್ತಿರುವ ಉತ್ತರ ತನ್ನ ಕೇಸಿನದು.

ಕಳೆದ ವರ್ಷ ಮೋಟಾರ್ ಸೈಕಲ್ ಕಳವಿನ ಆರೋಪದಲ್ಲಿ ಹತ್ತೊಂಬತ್ತರ ಹುಡುಗನೊಬ್ಬ ಬಂದಿದ್ದ. ಲೆಕ್ಕ ಬರೆಯುತ್ತಿದ್ದ ನಮ್ಮ ಜೊತೆಗಾರರೇ ಅವನನ್ನು ನೋಡಿಕೊಂಡರು. ಅವರ ಸ್ವಂತ ಪ್ರಕರಣ ಕೊಲೆಯದು. ಅದರಲ್ಲಿ ತನಿಖೆಗೆ ತೊಂಬತ್ತು ದಿನಗಳ ಗಡುವು ಇದ್ದು, ಅದು ಮುಗಿಯಲು ಎರಡು ದಿನ ಇರುವಾಗ ಪೊಲೀಸರ ದೋಷಾರೋಪ ಪಟ್ಟಿ, ಅಂದರೆ ಚಾರ್ಜ್‌ಶೀಟ್, ಸಲ್ಲಿಕೆಯಾಗಿತ್ತು. ಆ ತೊಂಬತ್ತು ಎಂಬ ಸಂಖ್ಯೆ ಅವರ ಮನಸ್ಸಿನಲ್ಲಿ ಕಚ್ಚಿಕೊಂಡಿತ್ತು. “ತೊಂಬತ್ತು ದಿನದಲ್ಲಿ ಚಾರ್ಜ್‌ಶೀಟ್ ಹಾಕದಿದ್ದರೆ ತಾನಾಗಿಯೇ ಬೇಲ್ ಆಗುತ್ತೆ, ಗಾಬರಿಯಾಗಬೇಡ” ಎಂದು ಸಮಾಧಾನ ಹೇಳಿದರು. ಹುಡುಗ ನಿಶ್ಚಿಂತನಾಗಿ, ಕ್ಲಿನಿಕ್ಕಿನ ದಾಖಲೆ ಪುಸ್ತಕದಲ್ಲಿ ತನ್ನ ಹೆಸರಿನ ಮುಂದೆ “ಸದ್ಯಕ್ಕೆ ವಕೀಲರು ಬೇಡ” ಎಂದು ಬರೆಸಿದ. ಆ ಸಾಲನ್ನು ನಾನು ಓದಿದ್ದೆ, ಓದಿ ಪುಟ ತಿರುವಿದ್ದೆ. ಈ ತಪ್ಪಿನಲ್ಲಿ ನನ್ನ ಪಾಲು ಸಣ್ಣದಲ್ಲ.

ಆ ಒಂದು ವಾಕ್ಯದ ಸಮಾಧಾನದಲ್ಲಿ ಎರಡು ತಪ್ಪುಗಳಿದ್ದವು. ಓದುಗರು ಕ್ಷಮಿಸಬೇಕು, ಇದನ್ನು ನಿಧಾನವಾಗಿಯೇ ಹೇಳುತ್ತೇನೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187ನೇ ಕಲಮಿನಲ್ಲಿ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 167 ಆಗಿದ್ದದ್ದರಲ್ಲಿ, ಎರಡು ಗಡುವುಗಳಿವೆ. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯ ಅಪರಾಧಗಳಿಗೆ 90 ದಿನ, ಉಳಿದವುಗಳಿಗೆ 60 ದಿನ. ಸಾಮಾನ್ಯ ಕಳವಿಗೆ ಗರಿಷ್ಠ ಶಿಕ್ಷೆ ಮೂರು ವರ್ಷವಾದ್ದರಿಂದ ಹುಡುಗನ ಗಡುವು ಅರವತ್ತು ದಿನ. ಈ ಎಣಿಕೆ ಠಾಣೆಗೆ ಕರೆದೊಯ್ದ ದಿನದಿಂದಲ್ಲ, ಮ್ಯಾಜಿಸ್ಟ್ರೇಟರು ಮೊದಲ ಸಲ ಕಸ್ಟಡಿಗೆ ಒಪ್ಪಿಸಿದ, ಅಂದರೆ ರಿಮಾಂಡ್ ಮಾಡಿದ, ದಿನದಿಂದ ಶುರುವಾಗುತ್ತದೆ. ಎರಡನೆಯ ತಪ್ಪು ಇದಕ್ಕಿಂತ ದುಬಾರಿ. ಈ ಜಾಮೀನು ತಾನಾಗಿ ಆಗುವುದಿಲ್ಲ. ಗಡುವು ಮುಗಿದ ಮೇಲೆ, ದೋಷಾರೋಪ ಪಟ್ಟಿ ನ್ಯಾಯಾಲಯ ಸೇರುವ ಮೊದಲು, ಆರೋಪಿ ಜಾಮೀನು ಕೇಳಬೇಕು, ಅದಕ್ಕೆ ಬೇಕಾದ ಭದ್ರತೆ ಒದಗಿಸಲು ಸಿದ್ಧನಿರಬೇಕು. ಕೇಳದೆ ಕುಳಿತಿದ್ದು, ಅಷ್ಟರಲ್ಲಿ ಪಟ್ಟಿ ಬಂದರೆ ಆ ಹಕ್ಕು ಹೋಯಿತು. ಅನಂತರ ಉಳಿಯುವುದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟ ಸಾಮಾನ್ಯ ಜಾಮೀನು ಅರ್ಜಿ ಮಾತ್ರ. ನಮ್ಮ ಹುಡುಗನ ದೋಷಾರೋಪ ಪಟ್ಟಿ ಎಪ್ಪತ್ತಮೂರನೆಯ ದಿನ ಸಲ್ಲಿಕೆಯಾಯಿತು. ಅರವತ್ತೊಂದರಿಂದ ಎಪ್ಪತ್ತೆರಡರವರೆಗೆ ಹನ್ನೆರಡು ದಿನ ಬಾಗಿಲು ತೆರೆದೇ ಇತ್ತು, ಅವನು ಒಳಗೆ ತೊಂಬತ್ತನ್ನು ಎಣಿಸುತ್ತಿದ್ದ.

ಇಂಥದ್ದೇ ಇನ್ನೊಂದು ಲೆಕ್ಕ, ವಿಚಾರಣೆ ಮುಗಿಯದೆ ಒಳಗಿರುವವರ ಬಿಡುಗಡೆಯ ಬಗ್ಗೆ ಅದೇ ಸಂಹಿತೆಯ 479ನೇ ಕಲಮಿನದು. “ಅರ್ಧ ಶಿಕ್ಷೆಯಷ್ಟು ದಿನ ಒಳಗಿದ್ದರೆ ಬಿಡುತ್ತಾರೆ” ಎಂಬ ಮಾತು ಎಲ್ಲ ಬ್ಯಾರಕ್ಕುಗಳಲ್ಲೂ ಓಡಾಡುತ್ತದೆ. ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಗೊಳಗಾಗದವನಿಗೆ ಅದು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ, ಉಳಿದವರಿಗೆ ಅರ್ಧ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಇರುವ ಅಪರಾಧಗಳಿಗೆ ಇದು ಅನ್ವಯಿಸುವುದೇ ಇಲ್ಲ. ಒಂದಕ್ಕಿಂತ ಹೆಚ್ಚು ಅಪರಾಧಗಳು ಅಥವಾ ಪ್ರಕರಣಗಳು ಬಾಕಿ ಇದ್ದವರಿಗೂ ಈ ಕಲಮಿನಡಿ ಬಿಡುಗಡೆಯಿಲ್ಲ ಎಂದು ಹೊಸ ಸಂಹಿತೆ ಹೇಳುತ್ತದೆ. ಪಕ್ಕದ ಹಾಸಿಗೆಯವನು ಬಿಡುಗಡೆಯಾದನೆಂದು ತನ್ನ ದಿನವನ್ನೂ ಗೋಡೆಯ ಮೇಲೆ ಗೀಚಿಟ್ಟುಕೊಂಡವನಿಗೆ, ಅವನ ಹೆಸರಿನಲ್ಲಿ ಬೇರೆ ತಾಲ್ಲೂಕಿನಲ್ಲಿ ಎರಡನೆಯ ಕೇಸು ಇದೆ ಎಂಬುದನ್ನು ನೆನಪಿಸುವ ಅಪ್ರಿಯ ಕೆಲಸ ನನ್ನದಾಗುತ್ತದೆ.

ಇವುಗಳಿಗಿಂತ ಹೆಚ್ಚು ಹಾನಿ ಮಾಡುವ ಸಲಹೆಯೆಂದರೆ, “ತಪ್ಪಾಯ್ತು ಅಂತ ಒಪ್ಪಿಕೊಂಡುಬಿಡು, ದಂಡ ಕಟ್ಟಿ ಹೋಗಬಹುದು.” ಹೇಳಿದವನ ಪ್ರಕರಣ ಇಸ್ಪೀಟಿನದ್ದಾಗಿರಬಹುದು, ಕೇಳಿದವನದು ಕಳವಿನದು. ದಂಡದ ರಸೀದಿಯ ಜೊತೆಗೆ ಅವನು ಮನೆಗೆ ಒಯ್ಯುವುದು ಒಂದು ಅಪರಾಧ ನಿರ್ಣಯವನ್ನು. ಮುಂದೆ ಸೆಕ್ಯುರಿಟಿ ಕೆಲಸಕ್ಕೆ ಪೊಲೀಸ್ ಪರಿಶೀಲನೆ ಬಂದಾಗ ಅದು ಎದುರು ನಿಲ್ಲುತ್ತದೆ. ಒಪ್ಪಿಕೊಳ್ಳುವುದು ಎಂದೂ ಸರಿಯಲ್ಲ ಎಂದು ನಾನು ಹೇಳುತ್ತಿಲ್ಲ. ಕಡತ ಓದದವರು ಅದನ್ನು ಹೇಳಬಾರದು ಎನ್ನುತ್ತಿದ್ದೇನೆ, ಕಡತ ಓದದ ವಕೀಲರಿಗೂ ಈ ಮಾತು ಸಲ್ಲುತ್ತದೆ.

ಜೊತೆಗಾರರು ಏನನ್ನು ಕೇಳಬಾರದು ಎಂಬುದನ್ನೂ ತರಬೇತಿಯಲ್ಲಿ ಒತ್ತಿ ಹೇಳುತ್ತೇನೆ. ವಕೀಲರಿಗೆ ಹೇಳಿದ ಮಾತಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ರಕ್ಷಣೆ ಇದೆ, ಪಕ್ಕದ ಕೈದಿಗೆ ಹೇಳಿದ್ದಕ್ಕೆ ಅಂಥ ರಕ್ಷಣೆ ಇದೆಯೆಂದು ನಂಬಿ ಮಾತಾಡುವುದು ಅಪಾಯ. “ನಿಜವಾಗಿ ಏನು ಮಾಡಿದೆ?” ಎಂದು ಪ್ರೀತಿಯಿಂದ ಕೇಳಿದರೂ, ನಾಳೆ ಸಾಕ್ಷಿಯಾಗಿ ನಿಲ್ಲಬೇಕಾದವರು ಕೇಳಿದವರೇ ಆಗಬಹುದು.

ಹಾಗಾದರೆ ಅವರ ಅನುಭವಕ್ಕೆ ಬೆಲೆ ಇಲ್ಲವೇ ಎಂದು ಜೊತೆಗಾರರೇ ಒಮ್ಮೆ ನೊಂದು ಕೇಳಿದ್ದರು. ಬೆಲೆ ಖಂಡಿತ ಇದೆ, ಅದರ ಜಾಗ ಬೇರೆ. ವಿಡಿಯೊ ಕಾನ್ಫರೆನ್ಸಿನಲ್ಲಿ ಕೋರ್ಟಿಗೆ ಹಾಜರುಪಡಿಸುವಾಗ ಪರದೆಯಲ್ಲಿ ನ್ಯಾಯಾಧೀಶರು ಕಾಣುವುದು ಅರ್ಧ ನಿಮಿಷ ಮಾತ್ರ, ಅಷ್ಟರಲ್ಲಿ “ನನಗೆ ವಕೀಲರಿಲ್ಲ ಸ್ವಾಮಿ” ಎಂದು ಹೇಗೆ ಹೇಳಬೇಕು ಎಂಬುದನ್ನು ಅವರು ಕಲಿಸಬೇಕು. ಬಂಧನದಲ್ಲಿರುವವನಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ವಕೀಲರು ಉಚಿತ ಎಂದು ನಾನು ಹೇಳಿದರೆ ನಂಬದವರು ಅವರು ಹೇಳಿದರೆ ನಂಬುತ್ತಾರೆ. ಜಾಮೀನು ಆದೇಶವಾಗಿ ಏಳು ದಿನ ಕಳೆದರೂ ಶ್ಯೂರಿಟಿ, ಅಂದರೆ ಜಾಮೀನಿಗೆ ನಿಲ್ಲುವವರು, ಸಿಗದೆ ಒಳಗೇ ಉಳಿದವರ ಬಗ್ಗೆ ಕಾರಾಗೃಹದ ಅಧೀಕ್ಷಕರು ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕೆಂದೂ, ಕಾರ್ಯದರ್ಶಿ ಪಿ.ಎಲ್.ವಿ. ಅಥವಾ ವಕೀಲರನ್ನು ಕಳುಹಿಸಬಹುದೆಂದೂ ಸುಪ್ರೀಂ ಕೋರ್ಟ್ 2023ರ ಜನವರಿ 31ರಂದು ನಿರ್ದೇಶಿಸಿದೆ. ಪಹಣಿ ಯಾರ ಹೆಸರಿನಲ್ಲಿದೆ, ಚಿಕ್ಕಪ್ಪ ಕೋರ್ಟಿಗೆ ಬಂದು ನಿಲ್ಲುತ್ತಾನೋ ಇಲ್ಲವೋ ಎಂಬುದನ್ನೆಲ್ಲ ಕೆದಕಿ ತಿಳಿಯುವ ಕಲೆ ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಬಿಡುಗಡೆಯಾದ ಮೇಲೆ ವಾಯಿದೆ ತಪ್ಪಿಸಿದರೆ ವಾರಂಟ್ ಹೊರಡುತ್ತದೆ, ಆ ಚಿಕ್ಕಪ್ಪನಿಗೆ ನೋಟಿಸ್ ಹೋಗುತ್ತದೆ ಎಂಬುದನ್ನು ಸ್ವತಃ ಅನುಭವಿಸಿದವನು ಹೇಳಿದರೆ ಹುಡುಗರು ತಲೆಯೆತ್ತಿ ಕೇಳುತ್ತಾರೆ.

ಮೋಟಾರ್ ಸೈಕಲ್ಲಿನ ಹುಡುಗನಿಗೆ ಸಾಮಾನ್ಯ ಅರ್ಜಿಯಲ್ಲಿ ಜಾಮೀನು ಸಿಗಲು ಮತ್ತೆ ಐದು ವಾರ ಹಿಡಿಯಿತು. ಅಲ್ಲಿಯವರೆಗೆ ನಮ್ಮ ಜೊತೆಗಾರರು ಅವನ ಮುಖ ನೋಡಲು ಸಂಕೋಚಪಟ್ಟು ಊಟದ ಸಾಲಿನಲ್ಲಿ ಹಿಂದೆ ನಿಲ್ಲುತ್ತಿದ್ದರಂತೆ. ಆಮೇಲೆ ಅವರೇ ಒಂದು ಉದ್ದನೆಯ ನೋಟ್‌ಬುಕ್ಕಿಗೆ ಲೆಕ್ಕದ ಪುಸ್ತಕದಂತೆ ಗೆರೆ ಹಾಕಿಕೊಂಡು ತಂದರು: ಹೆಸರು, ಮೊದಲ ರಿಮಾಂಡ್ ದಿನಾಂಕ, ಕಲಮುಗಳು, ಬೇರೆ ಕೇಸು ಇದೆಯೇ, ವಕೀಲರ ಹೆಸರು. ಕೊನೆಯ ಕಾಲಂ ಖಾಲಿ ಇತ್ತು. ಅಲ್ಲಿ ಗಡುವಿನ ದಿನಾಂಕವನ್ನು ನಾನೇ ಕೆಂಪು ಶಾಯಿಯಲ್ಲಿ ಬರೆದು ಸಹಿ ಹಾಕಬೇಕು, ತಾವು ಬರೆಯುವುದಿಲ್ಲ ಎಂದರು. “ಬರೆಯೋದು ನಿಮ್ಮ ಕೆಲಸ ಮೇಡಂ, ನೀವು ಮರೆತರೆ ನೆನಪಿಸೋದು ನನ್ನದು.” ಕಳೆದ ತಿಂಗಳು ಎರಡು ಸಲ ನೆನಪಿಸಿದರು.